ಮೊಗ್ಗು ಬಿಡಿಸಿದ ಮರುದಿನ

ಮೂವತ್ತಾರಕ್ಕೆ ನಿವೃತ್ತಳಾದೆ ಎಂದರೆ ನಮ್ಮ ತಂದೆ ಒಪ್ಪುವುದಿಲ್ಲ. ಅವರು ಬ್ಯಾಂಕಿನಲ್ಲಿ ಅರವತ್ತು ತುಂಬುವವರೆಗೆ ದುಡಿದವರು. "ನೀ ಕೆಲಸ ಬಿಟ್ಟೀ, ನಿವೃತ್ತಿ ಅಲ್ಲ ಅದು" ಎನ್ನುತ್ತಾರೆ. ಇರಲಿ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಕೂಲಿ ಹೆಣ್ಣುಮಕ್ಕಳ ಸಂಘದಲ್ಲಿ ಹನ್ನೊಂದು ವರ್ಷ ಪೂರ್ಣಾವಧಿ ಕಾರ್ಯಕರ್ತೆಯಾಗಿದ್ದೆ. ಈಗ ಇಲ್ಲ. ಹೊಸದಾಗಿ ಸೇರಿದ ಮೂವರು ಹುಡುಗಿಯರು ಮೊನ್ನೆ ಸವಣೂರಿನ ನಮ್ಮ ಮನೆಗೆ ಬಂದು, "ಸುಧಕ್ಕಾರ, ನಿಮ್ಮ ಅನುಭವ ಬರದು ಕೊಡ್ರಿ, ನಮಗ ಉಪಯೋಗ ಆಗ್ತೈತಿ" ಎಂದರು. ನನಗೆ ಮೊದಲು ಹೊಳೆದದ್ದು, ಇವರನ್ನು ಯಾರು ಕಳಿಸಿರಬಹುದು ಎಂದು. ಆಮೇಲೆ, ಬರೆದದ್ದು ಯಾರ ಯಾರ ಕೈಗೆ ಹೋಗಬಹುದು ಎಂದು. ಮೂರನೆಯದಾಗಿ ಚಹ ಕೊಡಬೇಕೆಂಬುದು ನೆನಪಾಯಿತು. ಈ ಕೆಲಸದಲ್ಲಿ ಬಹಳ ದಿನ ಇದ್ದವರ ತಲೆ ಹೀಗೇ ಓಡುತ್ತದೆ. ನಿಮ್ಮದೂ ಓಡುತ್ತದೆ, ಸ್ವಲ್ಪ ತಡೆಯಿರಿ.

ನನ್ನನ್ನು ಯಾವಾಗ ಯಾವ ಸ್ಥಾನಕ್ಕೆ ಏರಿಸಿದರು ಎಂಬುದನ್ನೆಲ್ಲ ಬಿಡುತ್ತೇನೆ. ಒಂದು ಗ್ಯಾಂಗಿನ ಕಥೆ ಹೇಳಿದರೆ ಸಾಕು ಅನ್ನಿಸುತ್ತದೆ.

ನಾನು ದಿನಾ ಡೈರಿ ಬರೆಯುವವಳು. ಸಭೆಗೆ ಎಷ್ಟು ಜನ ಬಂದರು, ಎಷ್ಟು ಜನ ಮಾತಾಡಿದರು, ನಡುವೆ ಎದ್ದು ಹೋದವರೆಷ್ಟು ಎಂದು ಗುರುತು ಹಾಕುತ್ತಿದ್ದೆ. ಕೊನೆಯ ಲೆಕ್ಕವೇ ಮುಖ್ಯ ಎಂದು ಕಲಿಸಿದವರು ಹಾದಿಮನಿ ಸರ್. ಅವರು ನಮ್ಮ ಸಂಘದ ಕಾರ್ಯದರ್ಶಿ, ಶಿಗ್ಗಾಂವಿಯವರು. ಹರೆಯದಲ್ಲಿ ಹತ್ತಿ ಜಿನ್ನಿನಲ್ಲಿ ಹಮಾಲಿ ಮಾಡಿ, ಅಲ್ಲಿಯೇ ಮೊದಲ ಮುಷ್ಕರ ನಡೆಸಿದವರು. ನಾನು ಸೇರಿದ ವಾರವೇ ಹೇಳಿದರು: "ಜೋರ ಚಪ್ಪಾಳಿ ಹೊಡಿಯಾವ್ರ ಮನಿಗೆ ಹೋಗಬ್ಯಾಡ ಸುಧಾ. ನಡುವ ಎದ್ದು ಹ್ವಾದಾಕಿ ಮನಿಗೆ ಹೋಗು. ಆಕೀಗೆ ಏನೋ ಗೊತ್ತೈತಿ."

ನಮ್ಮ ಕೆಲಸ ಹೆಚ್ಚಾಗಿ ಬೀಜದ ಕೂಲಿಯವರ ನಡುವೆ. ಹಿರೇಕೆರೂರು, ರಟ್ಟೀಹಳ್ಳಿ ಕಡೆ ರೈತರು ಕಂಪನಿಗಳಿಗಾಗಿ ಟೊಮ್ಯಾಟೊ, ಮೆಣಸಿನಕಾಯಿಯ ಹೈಬ್ರಿಡ್ ಬೀಜ ಬೆಳೆಯುತ್ತಾರೆ. ಹೊಲದ ಮೇಲೆ ಬಿಳಿ ನೆಟ್ ಕಟ್ಟಿರುತ್ತಾರೆ, ಗಿಡ ಅದರೊಳಗೆ. ಹೆಣ್ಣುಮಕ್ಕಳು ಮಧ್ಯಾಹ್ನದ ಮೇಲೆ ಒಳಗೆ ಹೋಗಿ, ಮರುದಿನ ಅರಳಲಿರುವ ಮೊಗ್ಗನ್ನು ಚಿಮಟಿಗೆಯಿಂದ ಬಿಡಿಸಿ ಗಂಡು ಕೇಸರವನ್ನೆಲ್ಲ ಕಿತ್ತು ಹಾಕುತ್ತಾರೆ. ಮರುದಿನ ಬೆಳಿಗ್ಗೆ, ಬೇರೆ ತಳಿಯ ಪರಾಗವನ್ನು ಬೆರಳಿನ ಸಣ್ಣ ಉಂಗುರದಲ್ಲಿ ತುಂಬಿಕೊಂಡು, ಬಿಡಿಸಿದ ಒಂದೊಂದೇ ಹೂವಿಗೆ ಮುಟ್ಟಿಸುತ್ತಾರೆ. ಇದಕ್ಕೆ ಕ್ರಾಸಿಂಗ್ ಎನ್ನುತ್ತಾರೆ. ಬಿಡಿಸಿದ ಮೊಗ್ಗಿಗೆ ಮರುದಿನ ಪರಾಗ ಮುಟ್ಟದಿದ್ದರೆ ಅದು ಕಾಯಿ ಕಟ್ಟುವುದಿಲ್ಲ. ಬಾಡಿ ಉದುರುತ್ತದೆ.

ಕ್ರಾಸಿಂಗಿಗೆ ಕೂಲಿ ಹೆಚ್ಚು, ಮೇಲೆ ನೆರಳು. ಹೊರಗಿನ ಕಳೆ, ಗೊಬ್ಬರ, ಕಾಲುವೆಯ ಕೆಲಸಕ್ಕೆ ಕೂಲಿ ಕಡಿಮೆ, ತಲೆಯ ಮೇಲೆ ಬಿಸಿಲು. ನಾನು ನೋಡಿದ ಯಾವ ನೆಟ್ಟಿನೊಳಗೂ ದಲಿತ ಕೇರಿಯ ಒಬ್ಬ ಹೆಣ್ಣುಮಗಳೂ ಇರಲಿಲ್ಲ. ಯಾಕೆಂದು ಕೇಳಿದರೆ ಒಬ್ಬರು "ಅವರ ಕೈ ಒರಟು" ಎಂದರು, ಇನ್ನೊಬ್ಬರು "ಅವರು ಕೇಳಾಕ ಬಂದಿಲ್ಲ" ಎಂದರು, ಮತ್ತೊಬ್ಬರು "ಕಂಪನಿ ಬ್ಯಾಡ ಅಂತೈತಿ" ಎಂದರು. ಒಂದೇ ಪ್ರಶ್ನೆಗೆ ಇಷ್ಟು ಉತ್ತರ ಬಂದರೆ ನಿಜವಾದದ್ದು ಇನ್ನೂ ಹೊರಬಂದಿಲ್ಲವೆಂದೇ ತಿಳಿಯಬೇಕು. ಕ್ರಾಸಿಂಗಿನವರು ರೈತರ ಅಂಗಳದಲ್ಲಿ ಕೂತು ಉಣ್ಣುತ್ತಾರೆ. ಹಂಗಾಮಿನ ಕೊನೆಗೆ ಬೀಜವನ್ನು ಅವರ ಪಡಸಾಲೆಯಲ್ಲಿ ಹರವಿ ಒಣಗಿಸುತ್ತಾರೆ. ಕೇರಿಯವರು ನೆಟ್ಟಿನೊಳಗೆ ಬಂದರೆ ಪಡಸಾಲೆಯವರೆಗೂ ಬರುತ್ತಾರೆ. ಯಾರೂ ಬಾಯಿಬಿಟ್ಟು ಹೇಳದ ಕಾರಣ ಇದು.

ಕಥೆಯ ಗ್ಯಾಂಗು ತಿಳವಳ್ಳಿ ಹತ್ತಿರದ ಒಂದು ಹಳ್ಳಿಯದು. ಅದರ ಯಜಮಾನಿ ಗಿರಿಜವ್ವ, ಮೇಲಿನ ಓಣಿಯಾಕೆ, ಐವತ್ತರ ಆಸುಪಾಸು. ಯಾರು ಬರಬೇಕು, ಯಾರು ಬೇಡ ಎಂದು ಆಕೆಯೇ ಗೊತ್ತುಮಾಡುವುದು. ಅವಳೂ ಸೇರಿ ಹದಿನೈದು ಜನ ನೆಟ್ಟಿನ ಒಳಗೆ. ಅದೇ ಟೆಂಪೊದಲ್ಲಿ ಕೊನೆಗೆ ಹತ್ತಿ ಹಿಂದೆ ನಿಲ್ಲುತ್ತಿದ್ದ ಕೇರಿಯ ಏಳು ಜನ ಹೊರಗೆ. ಆ ಊರಿನಲ್ಲಿ ನನ್ನ ಮೊದಲ ಸಭೆಯನ್ನು ಗುಡಿಕಟ್ಟೆಯ ಮೇಲೆ ಇಟ್ಟಿದ್ದರು. ನಮ್ಮ ಸಂಘದ ಸಭೆ ಎಲ್ಲ ಊರಲ್ಲೂ ಗುಡಿಕಟ್ಟೆಯ ಮೇಲೇ ಆಗುತ್ತಿತ್ತು. ಹಾದಿಮನಿಯವರ ಕಾಲದಿಂದ ನಡೆದುಬಂದ ಪದ್ಧತಿ, ಯಾರೂ ಪ್ರಶ್ನೆ ಮಾಡಿರಲಿಲ್ಲ. ನಾನು ಸಮಾನ ಕೂಲಿಯ ವಿಷಯ ಮಾತಾಡುತ್ತಿದ್ದಾಗ ರಸ್ತೆಯ ಆಚೆಯಿಂದ ಒಂದು ದನಿ ಬಂತು.

"ಅಕ್ಕಾರ, ನಿಮ್ಮ ಭಾಷಣ ಇಲ್ಲಿಗೆ ಅರ್ಧಾ ಕೇಳಸಾಕತ್ತೈತ್ರಿ. ಉಳದ ಅರ್ಧಾ ಪೋಸ್ಟಿನಾಗ ಕಳಸ್ತೀರೇನು?"

ಕೇರಿಯ ಹೆಣ್ಣುಮಕ್ಕಳು ರಸ್ತೆಯ ಆ ಬದಿ ಸಾಲಾಗಿ ನಿಂತಿದ್ದರು. ಕೂಗಿದವಳು ರೇಣುಕಾ. ಇಪ್ಪತ್ತೇಳರ ಹುಡುಗಿ, ಪಿಯುಸಿ ಓದಿದವಳು. ಅವಳ ತಂದೆ ಊರಿನಲ್ಲಿ ಮೊದಲು ಬೌದ್ಧರಾದವರು. ಕೇರಿಯವರು ಗುಡಿಕಟ್ಟೆ ಹತ್ತುವಂತಿಲ್ಲ ಎಂಬುದು ಊರಿಗೆಲ್ಲ ಗೊತ್ತಿತ್ತು.

ಗಿರಿಜವ್ವ ತಿರುಗಿಯೂ ನೋಡದೆ ಹೇಳಿದಳು, "ಬರ್ರಿ ಅಂದ್ರ ಬರೂದಿಲ್ಲ, ಬ್ಯಾಡ ಅಂದ್ರ ಒದರ್ತಾರ."

"ಯಾವಾಗ ಬರ್ರಿ ಅಂದಿ ಗಿರಿಜಕ್ಕಾ? ಆ ದಿನಾ ನಾ ಊರಾಗ ಇದ್ದಿಲ್ಲೇನೋ!"

ಆ ಬದಿಯವರೆಲ್ಲ ನಕ್ಕರು. ಈ ಬದಿಯಲ್ಲೂ ಇಬ್ಬರು ನಕ್ಕು, ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆ ಇಬ್ಬರ ಹೆಸರನ್ನು ಅಂದು ಡೈರಿಯಲ್ಲಿ ಬರೆದೆ.

ಸಭೆಯ ಜಾಗ ಬದಲಿಸಲು ಮುಂದೆ ನಾನು ಮಾಡದ ಪ್ರಯತ್ನವಿಲ್ಲ. ಶಾಲೆಯ ಜಗಲಿಗೆ ಎಸ್‌ಡಿಎಂಸಿಯವರು ಬೇಡ ಎಂದರು. ಕೇರಿಯೊಳಗೆ ಮೇಲಿನ ಓಣಿಯವರು ಬರಲಿಲ್ಲ. ಕೊನೆಗೆ ಉಳಿದದ್ದು ಟೆಂಪೊ. ಎರಡೂ ಓಣಿಯವರು ಮೈಗೆ ಮೈ ತಾಗಿಸಿಕೊಂಡು ಇರುವ ಜಾಗ ಅದೊಂದೇ. ಬೆಳಿಗ್ಗೆ ಹೋಗುವಾಗ ನಾನೂ ಹತ್ತತೊಡಗಿದೆ. ಚಾಲಕ ಫಕೀರಪ್ಪ. ಬಾಡಿಗೆ ಕೊಡುವವನು ಕಂಪನಿಯ ಏಜೆಂಟ್ ಮಂಜಣ್ಣನಾದ್ದರಿಂದ ಫಕೀರಪ್ಪನ ಕಿವಿ ಯಾರದು ಎಂದು ಕೇಳಬೇಕಾಗಿರಲಿಲ್ಲ. ಅವನು ಮುಂದೆ ಹಾಡು ಹಾಕಿರುತ್ತಿದ್ದ. ನಮ್ಮ ಮಾತು ಕೇಳಬೇಕೆನಿಸಿದಾಗ ಹಾಡಿನ ದನಿ ಇಳಿಸುತ್ತಿದ್ದ. ಇಳಿಸಿದ ಕೂಡಲೇ ಗಿರಿಜವ್ವ ದೊಡ್ಡ ದನಿಯಲ್ಲಿ ಶುರುಮಾಡುತ್ತಿದ್ದಳು: "ಅಲ್ಲವಾ, ನನ್ನ ಸೊಸಿ ಉಪ್ಪಿನಕಾಯಿ ಹಾಕ್ಯಾಳ, ಉಪ್ಪ ಹಾಕಿಲ್ಲ. ಬರೇ ಕಾಯಿ!" ಎರಡು ಕಿಲೋಮೀಟರ್ ಉಪ್ಪಿನಕಾಯಿ ನಡೆಯುತ್ತಿತ್ತು. ಫಕೀರಪ್ಪ ಬೇಸರವಾಗಿ ಹಾಡು ಏರಿಸುತ್ತಿದ್ದ. ಆಮೇಲೆ ಕೂಲಿಯ ಮಾತು.

ಆ ಮಾತುಗಳಿಂದಲೇ ನಮ್ಮ ಎರಡು ಬೇಡಿಕೆ ಹುಟ್ಟಿದವು. ಕೂಲಿ ಏರಬೇಕು. ಕೇರಿಯವರನ್ನೂ ಕ್ರಾಸಿಂಗಿಗೆ ತೆಗೆದುಕೊಳ್ಳಬೇಕು. ಎರಡನೆಯದಕ್ಕೆ ಗಿರಿಜವ್ವ ಒಪ್ಪಿದ್ದು ಪ್ರೀತಿಯಿಂದಲ್ಲ. ಕೂಲಿ ಏರಿಸಿ ಎಂದು ಅವಳ ಗ್ಯಾಂಗು ಕೂತರೆ, ಹೊರಗಿರುವ ಏಳು ಜನರನ್ನು ಒಳಗೆ ಕರೆದು ಕೆಲಸ ಮಾಡಿಸುತ್ತಾರೆ ಎಂಬ ಭಯ. "ಹೊರಗ ನಿಂದರಿಸಿದ್ರ ಅವರ ನಮ್ಮ ಕೂಲಿ ಮುರೀತಾರ. ಒಳಗ ಕರಕೊಂಡ್ರ ನಮ್ಮ ಕೂಡ ಕುಂದರ್ತಾರ" ಎಂದಳು. ಹಿರೇಕೆರೂರಿನಲ್ಲಿ ಧರಣಿ ಕೂತೆವು. ಮಂಜಣ್ಣ ಎರಡಕ್ಕೂ ಒಪ್ಪಿಬಿಟ್ಟ. ಒಪ್ಪಿದ ರೀತಿ ನನಗೆ ಸರಿಬರಲಿಲ್ಲ. ಚೌಕಾಸಿಯನ್ನೇ ಮಾಡಲಿಲ್ಲ. ಸಂತೆಯಲ್ಲಿ ಹೇಳಿದ ಬೆಲೆಗೆ ಕೊಳ್ಳುವವನನ್ನು ಕಂಡರೆ ಮಾರುವವರಿಗೇ ಗಾಬರಿಯಾಗುತ್ತದಲ್ಲ, ಹಾಗೆ.

ಆ ಹಂಗಾಮು ಕೇರಿಯ ಏಳೂ ಜನ ನೆಟ್ಟಿನ ಒಳಗೆ ಕ್ರಾಸಿಂಗ್ ಮಾಡಿದರು. ಮೊದಲ ವಾರ ಕಲಿತರು, ಎರಡನೇ ವಾರದಿಂದ ಎಲ್ಲರ ಸಮ ಮಾಡಿದರು. ಹೆಚ್ಚಿನ ಮಾತು ಬೇಡ, ಕೆಲಸ ನಡೆಯಿತು. ಕೊನೆಗೆ ಬೀಜ ಒಣಗಿಸಲು ಮಾತ್ರ ಅವರನ್ನು ಕರೆಯಲಿಲ್ಲ.

ಮಂಜಣ್ಣನ ಬಗ್ಗೆ ಹೇಳಬೇಕು. ನಿಮಗೂ ಇಂಥವರು ಸಿಗುತ್ತಾರೆ. ಬಿಳಿ ಅಂಗಿ, ಮೆತ್ತಗಿನ ಮಾತು. ಒಮ್ಮೆ ರೇಣುಕಾ ಮತ್ತು ನಾನು ರಟ್ಟೀಹಳ್ಳಿಯ ಅವನ ಗೋದಾಮಿಗೆ ಹೋದೆವು. ನನಗೆ ಕುರ್ಚಿ, ಸ್ಟೀಲಿನ ಲೋಟದಲ್ಲಿ ಚಹ. ರೇಣುಕಾಗೆ ಬೀಜದ ಚೀಲ ತೋರಿಸಿ "ಕುಂದ್ರವಾ" ಎಂದ, ಕಾಗದದ ಕಪ್ಪಿನಲ್ಲಿ ಚಹ. "ನೀವು ಸವಣೂರಿನ ಆಚಾರ್ರ ಮನಿಯವರಂತಲ್ಲರಿ. ನಿಮ್ಮ ಅಜ್ಜಾರು ದೊಡ್ಡ ಪಂಡಿತರು ಅಂತ ಕೇಳೇನಿ" ಎಂದ. ನಾನು ಲೋಟವನ್ನು ರೇಣುಕಾಳ ಕಡೆ ಸರಿಸಿ ಕಪ್ಪು ತೆಗೆದುಕೊಂಡೆ. ಅವಳು ಎರಡನ್ನೂ ಮುಟ್ಟಲಿಲ್ಲ. ಹೊರಗೆ ಬಂದ ಮೇಲೆ ಕೇಳಿದಳು:

"ಅವ ನಿಮಗ ಅಷ್ಟ ಮರ್ಯಾದಿ ಯಾಕ ಮಾಡ್ತಾನ್ರಿ?"

"ಜಾತಿ ನೋಡಿ."

"ಅದು ಗೊತ್ತೈತ್ರಿ. ಜಾತಿ ಮೊದಲೂ ಇತ್ತಲ್ಲ, ಹ್ವಾದ ವರ್ಷ ನಿಮ್ಮನ್ನ ಬಿಸಲಾಗ ನಿಂದರಿಸಿದ್ದ. ಈಗೇನು ಬೇಕಾಗೈತಿ ಅವಗ?"

"ಗೊತ್ತಿಲ್ಲ" ಎಂದೆ. ಅವಳು ನಂಬಲಿಲ್ಲ.

ಕೆಲವು ದಿನಗಳಲ್ಲಿ ತಂದೆಯ ಫೋನ್ ಬಂತು. "ಯಾರೋ ಮಂಜಣ್ಣ ಅಂತ ಬಂದಿದ್ರವಾ. ಭಾಳ ಸಂಭಾವಿತ ಮನುಷ್ಯಾ. ನಿನ್ನ ಹೊಗಳಿದ್ರು. ಹಳ್ಳ್ಯಾಗ ಒಬ್ಬಾಕೀನ ಅಡ್ಡಾಡ್ತಾಳ, ಸ್ವಲ್ಪ ಜ್ವಾಕಿ ಇರ್ಲಿ ಅಂದ್ರು."

"ಏನಾದ್ರೂ ತಂದಿದ್ರೇನು ಅಪ್ಪಾ?"

"ಒಂದು ಚೀಲ ಒಣ ಮೆಣಸಿನಕಾಯಿ."

"ವಾಪಸ್ ಕೊಡ್ರಿ."

"ನಿಮ್ಮವ್ವ ಆಗಲೇ ಖಾರ ಕುಟ್ಟಿಸ್ಲಿಕ್ಕೆ ಕಳಿಸ್ಯಾಳ."

ನಾನು ಮನೆಯ ವಿಳಾಸವನ್ನು ಆ ಕಡೆಯ ಯಾರಿಗೂ ಕೊಟ್ಟಿರಲಿಲ್ಲ. ಆಚಾರ್ರ ಮನೆಗಳು ಸವಣೂರಿನಲ್ಲಿ ಒಂದಲ್ಲ. ಇವನಿಗೆ ಯಾರು ಹೇಳಿದರು? ಪ್ರಶ್ನೆಯನ್ನು ಡೈರಿಯಲ್ಲಿ ಬರೆದು ಅಡಿಗೆರೆ ಎಳೆದೆ. ಉತ್ತರ ಹುಡುಕುವ ಮೊದಲೇ ಇನ್ನೊಂದು ನಡೆಯಿತು.

ಮುಂದಿನ ಹಂಗಾಮಿಗೆ ಹೊಲದಲ್ಲಿ ಎಲ್ಲರಿಗೂ ಒಂದೇ ಕೊಡದ ನೀರು ಕೇಳಬೇಕೆಂದು ನಾವು ಹಾನಗಲ್ಲಿನ ಕಚೇರಿಯಲ್ಲಿ ಬಾಗಿಲು ಹಾಕಿಕೊಂಡು ನಿರ್ಧರಿಸಿದ್ದೆವು. ಕೂತಿದ್ದವರು ನಾವು ನಾಲ್ವರೇ: ಹಾದಿಮನಿ ಸರ್, ಗಿರಿಜವ್ವ, ರೇಣುಕಾ, ನಾನು. ಮರುವಾರ ಹೊಲಕ್ಕೆ ಹೋದರೆ ನೆಟ್ಟಿನ ಮಾಲೀಕ ಗೌಡರು ನಳ ಇರುವ ಎರಡು ಹೊಸ ಕೊಡ ಇಡಿಸಿದ್ದರು. ಬಣ್ಣ ಒಂದೇ, ಅಳತೆ ಒಂದೇ, ನಡುವೆ ಮಾತ್ರ ಹತ್ತು ಹೆಜ್ಜೆ ಅಂತರ. "ಯಾರಿಗೆ ಯಾವುದು ಅಂತ ನಾವೇನ್ ಬರದಿಲ್ಲರಿ. ಯಾರು ಎಲ್ಲಿ ಬೇಕಾದ್ರೂ ಕುಡೀಬಹುದು" ಎಂದು ಗೌಡರು ನಕ್ಕರು. ನಾವು ಕೇಳುವ ಮೊದಲೇ ಉತ್ತರ ತಯಾರಾಗಿತ್ತು.

ನಾಲ್ವರಲ್ಲಿ ಯಾರು? ಗಿರಿಜವ್ವ ನನ್ನನ್ನು ಬದಿಗೆ ಕರೆದು ಹೇಳಿದಳು, "ರೇಣಕೀನ ನೋಡ್ರಿ. ತಮ್ಮವರ ಏಳು ಮಂದೀನ ಉಳಸ್ಕೊಳ್ಳಾಕ ಆಕಿ ಏನ್ ಬೇಕಾದ್ರೂ ಹೇಳಿರ್ತಾಳ." ರೇಣುಕಾ ಹೇಳಿದ್ದು, "ಗಿರಿಜಕ್ಕಗ ಒಂದ ಕೊಡದ ನೀರು ಬ್ಯಾಡಾಗಿತ್ತು. ಆಕೀನ ಹೇಳ್ಯಾಳ." ಕೊನೆಗೆ, "ಇಲ್ಲಾ ನೀವು" ಎಂದು ಸೇರಿಸಿದಳು. ನಗಲಿಲ್ಲ. ನಾನು ಇಬ್ಬರನ್ನೂ ಅನುಮಾನಿಸಿದೆ. ಬಾಗಿಲ ಹೊರಗೆ ಯಾರಾದರೂ ನಿಂತಿದ್ದರೇ ಎಂದು ಕೆಳಗಿನ ಅಂಗಡಿಯವನನ್ನೂ ಕೇಳಿದೆ. ಅನುಮಾನ ಪಡುವುದನ್ನು ಕಲಿಸಿದ ಮನುಷ್ಯನ ಮೇಲೆ ಮಾತ್ರ ಅನುಮಾನ ಬರಲಿಲ್ಲ.

ಹಂಗಾಮು ಶುರುವಾಗುವ ಮುಂಚಿನ ಸೋಮವಾರ ಮಂಜಣ್ಣ ಹಿರೇಕೆರೂರಿನ ಪ್ರವಾಸಿ ಮಂದಿರಕ್ಕೆ ಕರೆಸಿದ. ಹಾದಿಮನಿ ಸರ್ ಮತ್ತು ನಾನು ಹೋದೆವು. ಹೆಣ್ಣುಮಕ್ಕಳನ್ನು ಕರೆತರುವುದು ಬೇಡ, ಬರೀ ಪ್ರಾಥಮಿಕ ಮಾತು ಎಂದು ಸರ್ ಹೇಳಿದ್ದರು.

"ಹ್ವಾದ ವರ್ಷದ ಬೀಜಾ ಪರೀಕ್ಷಾದಾಗ ಫೇಲ್ ಆಗೈತ್ರಿ" ಎಂದ ಮಂಜಣ್ಣ. "ಮಿಶ್ರ ಆಗೈತಿ. ಕೇರಿಯವರ ಕೈ ತಪ್ಪು. ಅವರು ಹೊಸಬರು, ಬಯ್ಯೂದಿಲ್ಲ. ಈ ವರ್ಷ ಅವರು ಹೊರಗಿನ ಕೆಲಸಾ ಮಾಡ್ಲಿ. ಉಳದವರ ಕೂಲಿ ನೀವು ಕೇಳಿದಷ್ಟ ಏರಸ್ತೇನಿ."

ನಾನು ಕೇಳಿದೆ, "ಇಡೀ ಗ್ಯಾಂಗಿನ ಹಣ್ಣು ಒಂದೇ ಡ್ರಮ್ಮಿನಾಗ ಹಿಂಡಿದ್ರಿ. ಬೀಜ ಒಂದೇ ಚೀಲಕ್ಕ ಹೋತು. ಅದರಾಗ ಯಾರ ಕೈ ತಪ್ಪು ಅಂತ ಹೆಂಗ ಗೊತ್ತಾತು? ಪರೀಕ್ಷೆಯ ವರದಿ ಕೊಡ್ರಿ."

ಅವನು ನನ್ನನ್ನು ಮಗುವಿನಂತೆ ನೋಡಿದ. "ವರದಿ ಹೆಡ್ಡಾಫೀಸಿನಾಗ ಐತ್ರಿ. ತರ್ಕಾ ಮಾಡೂದು ಬ್ಯಾಡ ಅಕ್ಕಾರ. ಹಾದಿಮನಿಯವರು ಒಪ್ಯಾರಲ್ಲ ಆಗಲೇ."

ನಾನು ತಿರುಗಿ ನೋಡಿದೆ. ಸರ್ ಕಿಟಕಿಯಿಂದ ಹೊರಗೆ ನೋಡುತ್ತಿದ್ದರು. "ಒಂದು ಹಂಗಾಮು ಅಷ್ಟ, ಸುಧಾ" ಎಂದರು.

ನನ್ನ ಮನೆಯ ವಿಳಾಸ, ನೀರಿನ ಕೊಡದ ಮಾತು, ಎಲ್ಲ ಒಟ್ಟಿಗೆ ಸಾಲಾಗಿ ನಿಂತವು. ಹಿರೇಕೆರೂರು ಬಸ್ ನಿಲ್ದಾಣದಲ್ಲಿ ನೇರವಾಗಿ ಕೇಳಿದೆ. ಅವರು ಅಲ್ಲಗಳೆಯಲಿಲ್ಲ.

"ಹೌದು, ಮಾತಾಡತಿದ್ದೆ. ಮಾತಾಡಲಿಲ್ಲಂದ್ರ ಕೂಲಿ ಏರತೈತೇನು? ನಾಲ್ಕು ತಾಲ್ಲೂಕಿನ ಕೂಲಿ ಏರತೈತಿ, ಇಲ್ಲಿ ಏರಿದ್ರ ಎಲ್ಲಾ ಕಡೆ ಏರಸಾಕ ಬೇಕು. ಏಳು ಮಂದಿ ಸಲುವಾಗಿ ಅದನ್ನ ಬಿಡ್ಲೇನು? ನಾ ಹಮಾಲಿ ಮಾಡಿದಾವ. ನನಗ ಜಾತಿ ಬಗ್ಗೆ ನೀ ಹೇಳಬ್ಯಾಡ."

"ಬೀಜ ಕೆಡಿಸಿದ್ರು ಅನ್ನೋ ಮಾತು ಒಮ್ಮೆ ನಿಂತರ, ಯಾವ ತಾಲ್ಲೂಕಿನ ನೆಟ್ಟಿನಾಗೂ ಕೇರಿಯವರನ್ನ ಮತ್ತ ತೊಗೊಳ್ಳೂದಿಲ್ಲ ಸರ್. ಅದು ಒಂದು ಹಂಗಾಮು ಅಲ್ಲ."

"ನೀ ನಾಳೆ ಹೋಗಿ ಹೇಳು. ನೀ ಹೇಳಿದ್ರ ಕೇಳ್ತಾರ" ಎಂದರು. ಶಿಗ್ಗಾಂವಿಯ ಬಸ್ಸು ಬಂತು. ಹತ್ತಿದರು. ಮಂಜಣ್ಣ ಒಂದು ವರ್ಷದಿಂದ ನನಗೆ ಮಾಡಿದ ಮರ್ಯಾದೆ ಯಾಕೆ ಎಂದು ರೇಣುಕಾ ಕೇಳಿದ್ದಳಲ್ಲ. ನೀವು ಇನ್ನು ಹೊರಗೆ ಎಂಬ ಸುದ್ದಿಯನ್ನು ಕೇರಿಗೆ ಮುಟ್ಟಿಸಲು ಅವನಿಗೆ ಒಂದು ಒಳ್ಳೆಯ ಮುಖ ಬೇಕಾಗಿತ್ತು.

ಮರುದಿನ ಕ್ರಾಸಿಂಗಿನ ಮೊದಲ ದಿನ. ಮೊದಲ ದಿನ ಬೆಳಗಿನ ಕೆಲಸ ಇರುವುದಿಲ್ಲ, ಮಧ್ಯಾಹ್ನದ ಮೇಲೆ ಮೊಗ್ಗು ಬಿಡಿಸುವುದಷ್ಟೇ. ಟೆಂಪೊ ಊರು ಬಿಟ್ಟ ಮೇಲೆ ನಾನು ಎಲ್ಲರ ಮುಂದೆ ನಡೆದದ್ದನ್ನೆಲ್ಲ ಹೇಳಿದೆ. ಮಂಜಣ್ಣ ಹೇಳಿದ್ದು, ಹಾದಿಮನಿ ಸರ್ ಒಪ್ಪಿದ್ದು, ನಾನು ಒಪ್ಪದ್ದು. ಹಾಡಿನ ದನಿ ಇಳಿದಿತ್ತು. ಇಳಿಯಲಿ ಎಂದೇ ಬಿಟ್ಟೆ. ಆ ದಿನ ಗಿರಿಜವ್ವ ಉಪ್ಪಿನಕಾಯಿ ಎತ್ತಲಿಲ್ಲ. ರೇಣುಕಾ ಅವಳನ್ನೇ ನೋಡುತ್ತಿದ್ದಳು.

"ಏನಂತೀ ಗಿರಿಜಕ್ಕಾ?"

"ಏನನ್ನೂದು? ಅವರವರು ಮಾತಾಡ್ಕೊಂಡಾರ. ಕೂಲಿ ಏರಸ್ತೇನಿ ಅಂದಾನಲ್ಲ" ಎಂದು ಗಿರಿಜವ್ವ ಎಲೆಗೆ ಸುಣ್ಣ ಸವರತೊಡಗಿದಳು.

ಹೊಲಕ್ಕೆ ಬಂದೊಡನೆ ಗಿರಿಜವ್ವ ತನ್ನ ಹದಿನಾಲ್ಕು ಜನರನ್ನು ಕರೆದುಕೊಂಡು ನೆಟ್ಟಿನೊಳಗೆ ಹೋದಳು. ಕೇರಿಯವರು ಬದುವಿನ ಮೇಲೆ ನಿಂತು ನೋಡಿದರು. ಬಿಳಿ ನೆಟ್ಟಿನೊಳಗೆ ಸೀರೆಯ ಬಣ್ಣಗಳು ಮಸಕಾಗಿ ಓಡಾಡುತ್ತಿದ್ದವು. ಗೌಡರ ಆಳು ಬಂದು ಕಳೆ ತೆಗೆಯುವ ಕುರ್ಚಿಗಿ ಹಂಚಲು ಹೋದ. ರೇಣುಕಾ ಮುಟ್ಟಲಿಲ್ಲ, ಉಳಿದವರೂ ಮುಟ್ಟಲಿಲ್ಲ. ಬದುವಿನ ಮೇಲೆ ಕೂತರು. ಸಾಲಿನ ತುದಿಯಲ್ಲಿ ನಾನು ಕೂತೆ. ರೇಣುಕಾ ನನ್ನನ್ನು ಏಳು ಅನ್ನಲಿಲ್ಲ, ಇರು ಅಂತಲೂ ಅನ್ನಲಿಲ್ಲ. ಒಳಗೆ ಕೆಲಸ ಸರಾಗವಾಗಿ ನಡೆಯುತ್ತಿದ್ದುದು ಕಾಣುತ್ತಿತ್ತು. ಮಂಜಣ್ಣ ಒಮ್ಮೆ ಬೈಕಿನಲ್ಲಿ ಬಂದು, ನೆಟ್ಟಿನ ಬಾಗಿಲು ಸರಿಸಿ ಇಣುಕಿ, ತೃಪ್ತಿಯಿಂದ ತಲೆಯಾಡಿಸಿ ಹೋದ. ಅಂದಿನ ಡೈರಿಯಲ್ಲಿ 'ಮುಗಿಯಿತು' ಎಂದಷ್ಟೇ ಬರೆದಿದ್ದೇನೆ.

ಬುಧವಾರ ಬೆಳಿಗ್ಗೆ ಟೆಂಪೊ ಬಂದಾಗ ಕೇರಿಯವರು ಬರಲಿಕ್ಕಿಲ್ಲ ಎಂದುಕೊಂಡಿದ್ದೆ. ಬಂದರು. ಬದುವಿನ ಮೇಲೆ ದಿನಾ ಕೂರುವುದೆಂದು ತಮ್ಮಲ್ಲೇ ಗೊತ್ತುಮಾಡಿಕೊಂಡಿದ್ದರು. ಹೊಲದಲ್ಲಿ ಇಳಿದು ತಮ್ಮ ಜಾಗಕ್ಕೆ ಹೋಗಿ ಕೂತರು. ಗೌಡರ ಆಳು ಪರಾಗದ ಡಬ್ಬಿ, ಉಂಗುರಗಳನ್ನು ತಟ್ಟೆಯಲ್ಲಿ ತಂದು ನೆಟ್ಟಿನ ಬಾಗಿಲಲ್ಲಿ ನಿಂತ. ಗಿರಿಜವ್ವ ಅವನ ಕಡೆ ಹೋಗಲಿಲ್ಲ. ಸೀರೆ ಎತ್ತಿ ಸಿಕ್ಕಿಸಿಕೊಂಡು ಬದುವಿನ ಕಡೆ ನಡೆದಳು. ಅವಳ ಹಿಂದೆ ಹದಿನಾಲ್ಕೂ ಜನ. ರೇಣುಕಾಳ ಪಕ್ಕದಲ್ಲಿ ಒಂದು ಮೊಳ ಜಾಗ ಬಿಟ್ಟು ಕೂತಳು.

"ಇದೇನಿದು?" ಎಂದಳು ರೇಣುಕಾ.

"ಕಾಣಸೂದಿಲ್ಲೇನು? ಕುಂತೇನಿ."

"ನಿನ್ನೆ ಒಳಗ ಹ್ವಾದ್ರಿ!"

"ಹೋಗಲಿಲ್ಲಂದ್ರ ಮೊಗ್ಗ ಯಾರು ಬಿಡಸ್ತಿದ್ರು? ಬಿಡಸದ ಮೊಗ್ಗಿಗೆ ಯಾರೂ ಅಳೂದಿಲ್ಲ. ಬಿಡಿಸಿದ್ದು ಈಗ ಹೊತ್ತೇರೂದ್ರಾಗ ಬಾಡತೈತಿ. ಗೌಡ ಬರ್ತಾನ, ನೋಡ್ಕೋತ ಇರು."

ರೇಣುಕಾ ತಿರುಗಿ ನೆಟ್ಟಿನ ಕಡೆ ನೋಡಿದಳು. ಆಮೇಲೆ, "ನಿನ್ನೆ ನನಗ ಒಂದು ಮಾತ ಹೇಳಬಾರದಾಗಿತ್ತೇನು? ನಂಬಿಕಿ ಇಲ್ಲೇನು ನನ್ನ ಮ್ಯಾಲೆ?"

"ಇಲ್ಲ" ಎಂದಳು ಗಿರಿಜವ್ವ. "ನಿನ್ನ ಮ್ಯಾಲೂ ಇಲ್ಲ, ಈ ಸವಣೂರಕ್ಕನ ಮ್ಯಾಲೂ ಇಲ್ಲ. ನಮ್ಮವರಿಗೂ ನೆಟ್ಟಿನಾಗ ಹ್ವಾದ ಮ್ಯಾಲ ಹೇಳೇನಿ. ಅದಕ್ಕ ಸುದ್ದಿ ಹೊರಗ ಬಿದ್ದಿಲ್ಲ ನೋಡು."

"ಮತ್ತ ನಮ್ಮ ಸಲುವಾಗಿ ಯಾಕ ಕುಂತಿ?"

"ನಿಮ್ಮ ಸಲುವಾಗಿ ಯಾರ ಕುಂತಾರ? ಬೀಜಾ ಕೆಡಸೀರಿ ಅಂತ ಇವತ್ತು ನಿಮಗಂದ. ನೀವು ಹ್ವಾದ್ರಿ ಅಂದ್ರ ಮುಂದಿನ ವರ್ಷ ಕೂಲಿ ಕೇಳಿದ ಕೂಡಲೇ ನಮಗಂತಾನ. ಒಂದ ಡ್ರಮ್ಮಿನ ಬೀಜದಾಗ ನಿನ್ನ ಕೈ ಕಾಣ್ತು ಅಂದ್ರ ನನ್ನ ಕೈನೂ ಕಾಣತೈತಿ ಅವಗ."

ಬಿಸಿಲು ಏರಿತು. ಮೊದಲು ಗೌಡರು ಬಂದರು, ಬೈದರು, ನೆಟ್ಟಿನೊಳಗೆ ಹೋಗಿ ನೋಡಿ ಬಂದು ಮತ್ತೆ ಬೈದರು. ಆಮೇಲೆ ಮಂಜಣ್ಣ ಬಂದ. ಬಿಳಿ ಅಂಗಿ ಬೆನ್ನಿಗೆ ಅಂಟಿತ್ತು. ಅವನು ನೇರ ನನ್ನ ಹತ್ತಿರ ಬಂದು, "ಅಕ್ಕಾರ, ನೀವು ತಿಳದವರು, ಇವರಿಗೆ ಒಂದು ಮಾತ ಹೇಳ್ರಿ" ಎಂದ. "ಇವರು ನನಗೇ ಏನೂ ಹೇಳಿಲ್ಲರಿ" ಎಂದೆ. ಅವನು ನಂಬಿದಂತೆ ಕಾಣಲಿಲ್ಲ.

ಕೊನೆಗೆ ತಿರುಗಿಬಿದ್ದದ್ದು ಗೌಡರೇ. "ಏ ಮಂಜಾ, ನಿನ್ನ ಕಂಪನಿ ಜಾತಿ ನೋಡತೈತೋ ಬೀಜಾ ನೋಡತೈತೋ? ನನ್ನ ಹೂವು ಸಾಯಾಕತ್ತಾವ! ಎಲ್ಲಾರನೂ ಒಳಗ ಬಿಡೋ!" ಕೇರಿಯವರು ಪಡಸಾಲೆ ಮೆಟ್ಟಬಾರದು ಎಂದು ಒಳಗೊಳಗೇ ಹಟ ಹಿಡಿದಿದ್ದವರೂ ಇವರೇ. ಅವರಿಗೆ ಒಮ್ಮೆಲೇ ಬಂದ ನ್ಯಾಯಬುದ್ಧಿಯನ್ನು ನಾನು ಇವತ್ತಿಗೂ ನಂಬಿಲ್ಲ. ಆದರೆ ಮಂಜಣ್ಣ ನಂಬಲೇಬೇಕಾಯಿತು. ಬದುವಿನ ಮೇಲೆ ನಿಂತೇ ಒಪ್ಪಿಕೊಂಡ: ಹೋದರೆ ಇಡೀ ಗ್ಯಾಂಗು ಒಳಗೆ, ಇಲ್ಲವಾದರೆ ಒಬ್ಬರೂ ಇಲ್ಲ. ಬೀಜ ಕೆಟ್ಟರೆ ಹೆಸರು ಹಿಡಿದು ಯಾರನ್ನೂ ಅನ್ನುವಂತಿಲ್ಲ. ಗಿರಿಜವ್ವ ಅದನ್ನು ಮೂರು ಸಲ, ದನಿ ಏರಿಸಿ ಏರಿಸಿ ಅವನ ಬಾಯಿಂದ ಹೇಳಿಸಿದಳು. ಕೊನೆಯ ಸಲ ಪಕ್ಕದ ನೆಟ್ಟಿನವರೂ ಹೊರಬಂದು ಕೇಳಿದರು. ಇಪ್ಪತ್ತೆರಡು ಜನ ಉಂಗುರ ಹಾಕಿಕೊಂಡು ಒಳಗೆ ಹೋದರು. ಅರ್ಧದಷ್ಟು ಹೂವು ಉಳಿದವು ಎಂದು ಆಮೇಲೆ ತಿಳಿಯಿತು.

ಇದನ್ನು ಓದಿ ಆ ಗ್ಯಾಂಗಿನಲ್ಲಿ ಎಲ್ಲರೂ ಒಂದಾದರು ಎಂದು ಬರೆದುಕೊಳ್ಳಬೇಡಿ. ಎರಡು ಕೊಡ ಎರಡಾಗಿಯೇ ಇದ್ದವು. ರೇಣುಕಾ ಬೇಕೆಂದೇ ದಿನಕ್ಕೊಂದರಲ್ಲಿ ಕುಡಿಯುತ್ತಿದ್ದಳು. ಗಿರಿಜವ್ವ ಮನೆಯಿಂದ ಬಾಟಲಿ ತರಲು ಶುರುಮಾಡಿದಳು. ಕೇಳಿದರೆ, "ಗೌಡನ ಮನಿ ನೀರು ನನಗ ಸೇರೂದಿಲ್ಲ" ಎಂದಳು. ಇದನ್ನೂ ನಾನು ನಂಬಲಿಲ್ಲ. ಆದರೆ ಅವರಿಬ್ಬರೂ ಒಬ್ಬರನ್ನೊಬ್ಬರು ಕಾಯುವುದನ್ನು ಬಿಡಲಿಲ್ಲ. ಮಂಜಣ್ಣ ಒಬ್ಬಳ ಜೊತೆ ಮಾತಾಡಿದರೆ ಇನ್ನೊಬ್ಬಳು ಬಂದು ಪಕ್ಕದಲ್ಲಿ ನಿಲ್ಲುತ್ತಿದ್ದಳು. ಒಡೆಯಲು ಬಂದವರಿಗೆ ಸಂದಿ ಸಿಗದಿದ್ದುದು ಹಾಗೆ.

ಹಾದಿಮನಿ ಸರ್ ಆ ವರ್ಷವೇ ಆರೋಗ್ಯದ ಕಾರಣ ಹೇಳಿ ಹುದ್ದೆ ಬಿಟ್ಟರು. ಅವರನ್ನು ಕೆಟ್ಟವರೆಂದು ನಾನು ಬರೆಯಲಾರೆ. ಅವರ ಕಾಲದಲ್ಲಿ ಏರಿದ ಕೂಲಿಯನ್ನು ಇವತ್ತಿಗೂ ಸಾವಿರಾರು ಜನ ಉಣ್ಣುತ್ತಿದ್ದಾರೆ. ಆದರೆ ಬಾಗಿಲು ಮುಚ್ಚಿ ಮಾತಾಡಿ ಬಂದ ಮುಂದಾಳು ಹೊರಗೆ ಬಂದಾಗ ನಗುತ್ತಿದ್ದರೆ, ಒಳಗೆ ಏನು ಕೊಟ್ಟು ಬಂದಿರಿ ಎಂದು ಕೇಳಿ. ನನ್ನನ್ನೂ ಕೇಳಬೇಕಿತ್ತು. ಗಿರಿಜವ್ವ, ರೇಣುಕಾ ಕೇಳಿದರು ಕೂಡ, ತಮ್ಮದೇ ರೀತಿಯಲ್ಲಿ.

ಮರುವರ್ಷದ ಮಾತುಕತೆ ಮಂಜಣ್ಣನ ಗೋದಾಮಿನಲ್ಲಿತ್ತು. ನಾವು ಮೂವರು ಹೋದೆವು. ಬಾಗಿಲ ಹತ್ತಿರ ರೇಣುಕಾ ನಿಂತಳು.

"ಅಕ್ಕಾರ, ನೀವು ಹೊರಗ ಕುಂದ್ರಿ."

"ಯಾಕ?"

"ನೀವು ಒಳಗ ಬಂದ್ರ ಅವ ನಿಮ್ಮ ಕೂಡ ಮಾತಾಡ್ತಾನ. ನೀವು ಬರಲಿಲ್ಲಂದ್ರ ನಮ್ಮ ಕೂಡ ಮಾತಾಡಾಕ ಬೇಕು."

ಗಿರಿಜವ್ವ ತಲೆಯಾಡಿಸಿದಳು. ಇಬ್ಬರೂ ಒಳಗೆ ಹೋದರು. ನಾನು ಟೆಂಪೊದ ನೆರಳಿನಲ್ಲಿ ಕೂತೆ. ಏನು ಕೇಳುತ್ತಾರೆ, ಎಷ್ಟಕ್ಕೆ ನಿಲ್ಲುತ್ತಾರೆ, ನನಗೆ ಹೇಳಿರಲಿಲ್ಲ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಒಂದು ಮಾತುಕತೆಯ ಹೊರಗಿದ್ದೆ. ಬಹಳ ಹೊತ್ತಿನ ಮೇಲೆ ಅವರು ಹೊರಬಂದರು. ಏನಾಯಿತೆಂದು ಕೇಳಿದೆ. "ಊರಿಗೆ ಹೋಗಿ ಎಲ್ಲಾರ ಮುಂದ ಹೇಳ್ತೇನ್ರಿ. ಅಲ್ಲೇ ಕೇಳ್ರಿ" ಎಂದಳು ರೇಣುಕಾ. ಊರಿನಲ್ಲಿ ಉಳಿದ ಇಪ್ಪತ್ತು ಜನರ ಜೊತೆ ನಿಂತು ಕೇಳಿದೆ. ಗ್ಯಾಂಗು ಇಡಿಯಾಗಿ ಒಳಗೆ, ಹಂಗಾಮಿನ ಕೊನೆಗೆ ಬೀಜ ಒಣಗಿಸುವ ಕೆಲಸಕ್ಕೂ ಇಡಿಯಾಗಿ. ಅಂದರೆ ಪಡಸಾಲೆ.

ಆ ವಾರವೇ ಕೆಲಸ ಬಿಡುತ್ತೇನೆಂದು ಹೇಳಿದೆ. ಯಾರೂ ಇರಿ ಎನ್ನಲಿಲ್ಲ. ಗಿರಿಜವ್ವ ಮಾತ್ರ ಕಣ್ಣು ಕಿರಿದು ಮಾಡಿ ಕೇಳಿದಳು:

"ಬ್ಯಾರೆ ಕಡೆ ಯಾರರ ಕರದಾರೇನ್ರಿ?"

"ಇಲ್ಲ ಗಿರಿಜವ್ವಾ."

"ಮದವಿ?"

"ಅದೂ ಇಲ್ಲ."

"ಮತ್ತ ಯಾಕ ಬಿಡ್ತೀರಿ?"

"ಮಾತಾಡಾಕ ನೀವಿಬ್ರೂ ಒಳಗ ಹ್ವಾದ್ರಿ. ಇನ್ನ ನಾ ಇಲ್ಲಿ ಮಾಡೂದು ಏನೈತಿ?"

ಆಕೆ ರೇಣುಕಾಳ ಮುಖ ನೋಡಿದಳು, ರೇಣುಕಾ ಆಕೆಯ ಮುಖ ನೋಡಿದಳು. ಆಮೇಲೆ ಗಿರಿಜವ್ವ ತಲೆ ಅಲ್ಲಾಡಿಸಿದಳು.

"ಇದನ್ನ ನಂಬಾಕ ಆಗೂದಿಲ್ಲವಾ ನಮಗ. ಖರೇ ಕಾರಣ ಇನ್ನೊಮ್ಮೆ ಬಂದಾಗ ಹೇಳ್ರಿ."